ಬಿದಿರಿನ ಬುಡಕ್ಕೆ ಹಬ್ಬುವ ಬಳ್ಳಿ ಬೇಡ, ಗೆಡ್ಡೆ ಗಿಡ ನೆಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಬಿದಿರಿನ ಬಗ್ಗೆ ಆಗಾಗ ಬರಹ ಬರುತ್ತಿರುತ್ತದೆ. ಯಾವ ತಳಿ ನೆಡಬೇಕು, ಸಸಿಯಿಂದ ಸಸಿಗೆ ಎಷ್ಟು ಅಂತರ, ಗಳಕ್ಕೆ ಏನು ಬೆಲೆ, ಸಬ್ಸಿಡಿ ಹೇಗೆ, ಎಲ್ಲವೂ ಇರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರ ಅಂತ ಲೆಕ್ಕ ಹಿಡಿಯುವುದನ್ನು ಬಿಟ್ಟಿತು. ಆಮೇಲೆ ನಮ್ಮ ಮೂಡಿಗೆರೆ ಕಡೆಯಲ್ಲೂ ಬೇಲಿಗೆ, ಹಳ್ಳದ ದಂಡೆಗೆ, ಹೋಂಸ್ಟೇ ಅಂಗಳಕ್ಕೆ ಬಿದಿರು ನೆಡುವವರು ಜಾಸ್ತಿ ಆಗಿದ್ದಾರೆ. ಸಂತೋಷದ ವಿಷಯವೇ. ಆದರೆ ಮೆಳೆಯ, ಅಂದರೆ ಬಿದಿರಿನ ಗುಂಪಿನ, ಕೆಳಗಿನ ನೆಲದ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಏನು ನೆಡಬಹುದು ಅಂತ ಕೇಳಿದರೆ ಎರಡೇ ಉತ್ತರ. ಬಿದಿರಿನ ಬುಡದಲ್ಲಿ ಏನೂ ಬರುವುದಿಲ್ಲ ಅನ್ನುವುದು ಒಂದು. ನರ್ಸರಿಯಲ್ಲಿ ಗ್ರೌಂಡ್ ಕವರ್, ಅಂದರೆ ನೆಲ ಮುಚ್ಚುವ ಗಿಡ, ಸಿಗುತ್ತದೆ, ತಂದು ಹಾಕಿ ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಪತ್ರ ಉದ್ದವಾಯಿತು ಅಂತ ಬೇಸರ ಮಾಡಿಕೊಳ್ಳಬೇಡಿ. ಮಳೆ ಹಿಡಿಯುವ ಮುಂಚೆ ಹೇಳಬೇಕಾದ ಮಾತು ಇದು.

ನಮ್ಮದು ಸಣ್ಣ ಕಾಫಿ ತೋಟ. ತೋಟದ ಕೆಳಗಿನ ಅಂಚಿಗೆ ಹಳ್ಳ ಹರಿಯುತ್ತದೆ. ಹಳ್ಳದ ಉದ್ದಕ್ಕೂ ಹೆಬ್ಬಿದಿರಿನ ಮೆಳೆಗಳಿವೆ, ನಮ್ಮ ಮಾವನವರು ನೆಡಿಸಿದ್ದು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಮೆಳೆಗಳ ಬುಡದ ಕೆಲಸ ಹೆಚ್ಚು ಕಡಿಮೆ ನನ್ನದೇ. ಕಳಲೆ (ಅಡುಗೆಗೆ ಆಗುವ ಬಿದಿರಿನ ಎಳೆ ಮೊಳಕೆ) ತರುವುದು, ಮುಳ್ಳು ಸವರಿಸುವುದು, ದರಗು (ಉದುರಿದ ಒಣ ಎಲೆ) ಒಟ್ಟುವುದು, ಬೇಸಿಗೆಯಲ್ಲಿ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದು. ಗಂಡಸರು ಗಳ ಕಡಿಯುವಾಗ ಮಾತ್ರ ಅತ್ತ ಬರುತ್ತಾರೆ. ಬುಡದ ನೆಲ ಹೇಗಿದೆ ಅನ್ನುವುದು ಅತ್ತೆಗೆ ಗೊತ್ತಿತ್ತು, ಅವರಿಂದ ನನಗೆ ಬಂತು.

ಮೊದಲು, ಅಲ್ಲಿ ಗಿಡ ಏಕೆ ಬರುವುದಿಲ್ಲ ಅನ್ನುವುದನ್ನು ನೋಡೋಣ. ಬಿದಿರಿನಲ್ಲಿ ವಿಷ ಇದೆ, ಅದು ಬೇರೆ ಗಿಡ ಸಾಯಿಸುತ್ತದೆ ಅಂತ ನಮ್ಮ ಕಡೆ ಹೇಳುವವರಿದ್ದಾರೆ. ನಾನು ಕಂಡದ್ದಕ್ಕೆಲ್ಲ ವಿಷದ ಮಾತು ಬೇಕಾಗಿಯೇ ಇಲ್ಲ, ಮೂರು ಕಾರಣ ಸಾಕು. ನೆರಳು, ದರಗು, ಬೇರು. ಬಿದಿರು ಹುಲ್ಲಿನ ಜಾತಿ. ಅದಕ್ಕೆ ತಾಯಿಬೇರು ಇಲ್ಲ. ಬೇರು ಪೂರ್ತಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ದಟ್ಟವಾಗಿ ಹೆಣೆದುಕೊಂಡಿರುತ್ತದೆ. ಗುದ್ದಲಿ ಹಾಕಿದರೆ ಚಾಪೆಗೆ ಹೊಡೆದ ಹಾಗೆ ಪುಟಿಯುತ್ತದೆ. ಬಿದ್ದ ನೀರು, ಹಾಕಿದ ಗೊಬ್ಬರ ಎಲ್ಲವನ್ನೂ ಮೊದಲು ಕುಡಿಯುವುದು ಆ ಬೇರು. ದರಗಿನ ವಿಷಯವೂ ಹಾಗೇ. ಬಿದಿರಿನ ಎಲೆಯಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ, ಜಾಸ್ತಿ. ಹಾಲುವಾಣದ ಎಲೆಯ ಹಾಗೆ ಬೇಗ ಕೊಳೆಯುವುದಿಲ್ಲ. ಒಂದರ ಮೇಲೊಂದು ಬಿದ್ದು ದಪ್ಪಗೆ ಕೂರುತ್ತದೆ, ಅದರ ಅಡಿಗೆ ಸಿಕ್ಕಿದ ಚಿಕ್ಕ ಮೊಳಕೆ ಬಿಸಿಲು ಕಾಣದೆ ಸಾಯುತ್ತದೆ. ಗರಿಕೆ ಹುಲ್ಲಿಗಂತೂ ಪೂರ್ತಿ ಬಿಸಿಲು ಬೇಕು. ಬಿದಿರಿನ ಕೆಳಗೆ ಲಾನ್ ಮಾಡಿಸುತ್ತೇವೆ ಅಂತ ಹೊರಟವರು ದುಡ್ಡು ಕಳೆದುಕೊಂಡದ್ದೇ ಬಂತು.

ಹಾಗಾದರೆ ಏನು ಬರುತ್ತದೆ? ಇದಕ್ಕೆ ಉತ್ತರ ಗಿಡದ ಹೆಸರಿನಲ್ಲಿ ಇಲ್ಲ, ಬಿದಿರಿನ ವರ್ಷದ ಲೆಕ್ಕದಲ್ಲಿ ಇದೆ. ನಾನು ಈ ಪತ್ರ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ನಮ್ಮ ಕಡೆ ಬಿದಿರು ಎಲೆ ಉದುರಿಸುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿ ಮುಗಿಯುವ ಹೊತ್ತಿಗೆ ಬಿದಿರು ಹೊಸ ಚಿಗುರು ತೆಗೆಯುತ್ತದೆ. ಜುಲೈ ಹೊತ್ತಿಗೆ, ಆರಿದ್ರೆ ಕಳೆದು ಪುನರ್ವಸು, ಪುಷ್ಯ ಮಳೆ ಜಡಿ ಹಿಡಿದಾಗ ಬುಡದಿಂದ ಕಳಲೆ ಏಳುತ್ತದೆ. ಎದ್ದ ಕಳಲೆ ಎರಡು ಮೂರು ತಿಂಗಳಲ್ಲಿ ತನ್ನ ಪೂರ್ತಿ ಎತ್ತರ ಮುಟ್ಟುತ್ತದೆ. ಆಮೇಲೆ ಎತ್ತರಕ್ಕೂ ಹೋಗುವುದಿಲ್ಲ, ದಪ್ಪಕ್ಕೂ ಆಗುವುದಿಲ್ಲ, ಗಟ್ಟಿಯಾಗುವುದಷ್ಟೇ. ಈ ಲೆಕ್ಕಕ್ಕೆ ಹೊಂದುವ ಗಿಡ ಹೇಗಿರಬೇಕು? ಬೇಸಿಗೆಯಲ್ಲಿ ನೀರು ಕೇಳಬಾರದು. ದರಗು ಬೀಳುವಾಗ ಮಣ್ಣಿನೊಳಗೆ ಮಲಗಿರಬೇಕು. ಮಳೆ ಬಂದಾಗ ದರಗಿನ ಪದರವನ್ನು ಸೀಳಿಕೊಂಡು ಮೇಲೆ ಬರುವ ಶಕ್ತಿ ಇರಬೇಕು. ಕಳಲೆ ಏಳುವಾಗ ಅದಕ್ಕೆ ಸುತ್ತಿಕೊಳ್ಳಬಾರದು. ನಮಗೆ ಕಾಲಿಡಲು ಜಾಗ ಬಿಡಬೇಕು.

ಇಷ್ಟೂ ಗುಣ ಇರುವುದು ಗೆಡ್ಡೆ ಗಿಡಗಳಿಗೆ. ಅರಿಶಿನ, ಕಾಡರಿಶಿನ, ಮಾವಿನಶುಂಠಿ, ಕೂವೆ, ಕಚೋರ. ಇವು ಮೇ ಜೂನ್‌ನಲ್ಲಿ ಚಿಗುರುತ್ತವೆ, ಮಳೆಗಾಲವೆಲ್ಲಾ ಅಗಲ ಎಲೆ ಬಿಟ್ಟು ನೆಲ ಮುಚ್ಚುತ್ತವೆ, ಡಿಸೆಂಬರ್ ಜನವರಿಗೆ ಎಲೆ ಹಳದಿಯಾಗಿ ಒರಗಿ ಬೀಳುತ್ತವೆ. ಅವು ಮಲಗುವ ಹೊತ್ತಿಗೆ ಸರಿಯಾಗಿ ಬಿದಿರು ಮೇಲಿಂದ ದರಗು ಹೊದಿಸುತ್ತದೆ. ಬೇಸಿಗೆಯಲ್ಲಿ ಬಿದಿರಿನ ಜತೆ ನೀರಿಗೆ ಜಗಳ ಇಲ್ಲ. ಜೋರು ಮಳೆಯಲ್ಲಿ ಗಳದ ಮೇಲಿಂದ ತೊಟ್ಟಿಕ್ಕುವ ದಪ್ಪ ಹನಿ ನೇರ ಮಣ್ಣಿಗೆ ಬೀಳದೆ ಎಲೆಗೆ ಬಿದ್ದು ಇಳಿಯುತ್ತದೆ, ಧರೆಯ, ಅಂದರೆ ಇಳಿಜಾರಿನ ಅಂಚಿನ, ಮಣ್ಣು ಕೊಚ್ಚಿ ಹೋಗುವುದಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ನಮ್ಮ ಕಾಡಿನಲ್ಲೇ ನೋಡಬಹುದು. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಬಿದಿರು ಇರುವ ಕಡೆ ಹೋಗಿ. ದರಗಿನ ನಡುವೆ, ಎಲೆ ಇನ್ನೂ ಹುಟ್ಟುವ ಮೊದಲೇ, ನೆಲದಿಂದ ನೇರ ಕಾಡರಿಶಿನದ ಹೂ ಎದ್ದಿರುತ್ತದೆ. ಗೇಣುದ್ದದ ತೆನೆ, ತುದಿಗೆ ಗುಲಾಬಿ ಬಣ್ಣದ ಪೊರೆಗಳು, ಕೆಳಗೆ ತಿಳಿಹಸಿರು. ಒಂದೊಂದು ಪೊರೆಯೂ ಸಣ್ಣ ಬಟ್ಟಲು, ಅದರೊಳಗೆ ಹಳದಿ ತುಟಿಯ ನಿಜವಾದ ಹೂ ಅಡಗಿರುತ್ತದೆ. ಮಳೆ ನೀರೂ ಅದರಲ್ಲಿ ನಿಂತಿರುತ್ತದೆ. ಪಕ್ಕದಲ್ಲಿ ಗುಂಡುಸೂಜಿಯ ಹಾಗೆ ಸುರುಳಿ ಸುತ್ತಿದ ಎಲೆ ಆಮೇಲೆ ಬರುತ್ತದೆ. ದರಗನ್ನು ತಳ್ಳಿ ಬರುವುದಿಲ್ಲ, ಚುಚ್ಚಿಕೊಂಡೇ ಬರುತ್ತದೆ. ಹೋಂಸ್ಟೇಗೆ ಬಂದವರಿಗೆ ತೋರಿಸುವುದಕ್ಕೆ ಇದಕ್ಕಿಂತ ಚಂದದ ಹೂ ಯಾವ ನರ್ಸರಿಯಲ್ಲಿ ಸಿಗುತ್ತದೆ ಹೇಳಿ.

ಈ ಐದರಲ್ಲಿ ನನ್ನ ಮೊದಲ ಆಯ್ಕೆ ಕೂವೆ. ನೆರಳು ಸ್ವಲ್ಪ ಹೆಚ್ಚಿದ್ದರೂ ಸುಧಾರಿಸಿಕೊಳ್ಳುತ್ತದೆ. ಒಂದು ಸಲ ಹಾಕಿದರೆ ಮಣ್ಣಿನಲ್ಲಿ ಉಳಿದ ಬೆರಳುದ್ದ ತುಂಡೂ ಮುಂದಿನ ವರ್ಷ ಗಿಡವಾಗುತ್ತದೆ. ಸೊಂಟದವರೆಗೆ ಬೆಳೆದರೂ ಕಾಂಡದ ನಡುವೆ ಕೈ ಹಾಕಿ ಸರಿಸಿ ಒಳಗೆ ಹೋಗಬಹುದು. ಜನವರಿಯಲ್ಲಿ ಎಲೆ ಒಣಗಿದ ಮೇಲೆ ಕಿತ್ತು, ತುರಿದು, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕೂತ ಹಿಟ್ಟನ್ನು ನೀರು ಬದಲಿಸಿ ತೊಳೆದು ಒಣಗಿಸಿದರೆ ವರ್ಷಕ್ಕೆ ಸಾಕಾಗುವಷ್ಟು ಕೂವೆ ಹಿಟ್ಟು. ಹೊಟ್ಟೆ ಕೆಟ್ಟರೆ ಗಂಜಿಗೆ, ಮಕ್ಕಳಿಗೆ ಮಾಡುವ 'ಮಣ್ಣಿ' ಅನ್ನುವ ತಿನಿಸಿಗೆ ನಮ್ಮ ಮನೆಯಲ್ಲಿ ಬೇರೆ ಹಿಟ್ಟು ತಂದದ್ದಿಲ್ಲ. ಒಂದೇ ತೊಂದರೆ ಕಾಡುಹಂದಿ. ಹಂದಿ ಕಾಟ ಇರುವ ಕಡೆ ಕೂವೆ, ಕೆಸು, ಸುವರ್ಣಗೆಡ್ಡೆ ಮೂರೂ ಉಳಿಯುವುದು ಕಷ್ಟ. ಅಲ್ಲಿ ಅರಿಶಿನವೇ ಹಾಕಿ. ಅರಿಶಿನಕ್ಕೆ ಹಂದಿ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಕಚೋರ ಬೇರೆ ರೀತಿಯದು. ಎರಡು ಮೂರು ದುಂಡನೆ ಎಲೆ, ನೆಲಕ್ಕೆ ಅಂಟಿಕೊಂಡೇ ಹರಡುತ್ತವೆ. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕೆ. ದಾರಿಯ ಪಕ್ಕ, ಕಾಲು ತಾಗುವ ಕಡೆ ಇದನ್ನು ಹಾಕಬಹುದು. ಮಾವಿನಶುಂಠಿ ಚಟ್ನಿಗೂ ಉಪ್ಪಿನಕಾಯಿಗೂ ಆಗುತ್ತದೆ, ಮಣ್ಣು ಸ್ವಲ್ಪ ಸಡಿಲ ಇದ್ದರೆ ಚೆನ್ನಾಗಿ ಬರುತ್ತದೆ.

ಶುಂಠಿಯನ್ನು ಮಾತ್ರ ನಾನು ಪಟ್ಟಿಗೆ ಸೇರಿಸಿಲ್ಲ. ನೆರಳಿಗೆ ಬರುವ ಬೆಳೆಯೇ, ಬಿದಿರಿನ ಜತೆ ಬೆಳೆಯಬಹುದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಾಸನ ಜಿಲ್ಲೆಯ ಆಲೂರು, ಬೇಲೂರು, ಸಕಲೇಶಪುರದಿಂದ ಹಿಡಿದು ನಮ್ಮವರೆಗೆ ಶುಂಠಿಯ ಕೊಳೆ ರೋಗ, ಹಸಿರು ಸೊರಗು ರೋಗ ಏನು ಮಾಡಿವೆ ಅನ್ನುವುದು ನಿಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ರೋಗ ಬಿತ್ತನೆ ಗೆಡ್ಡೆಯಲ್ಲಿ ಬರುತ್ತದೆ, ಮಣ್ಣಿನಲ್ಲಿ ಉಳಿಯುತ್ತದೆ, ಹರಿಯುವ ನೀರಿನ ಜತೆ ಕೆಳಗಿನವರ ಹೊಲಕ್ಕೆ ಇಳಿಯುತ್ತದೆ. ಬಿದಿರು ಇರುವುದೇ ಹಳ್ಳದ ದಂಡೆಯಲ್ಲಿ. ಅಲ್ಲಿ ರೋಗದ ಶುಂಠಿ ಹೂಳುವುದು ಬೇಡ.

ಇನ್ನು ನೆಡುವ ಕ್ರಮ. ಮೆಳೆಯ ಬುಡದಿಂದ ಸುತ್ತಲೂ ಮೂರು ಅಡಿ ಖಾಲಿ ಬಿಡಿ. ಅಲ್ಲಿ ಏನೂ ಬೇಡ, ದರಗು ಮಾತ್ರ ಸಾಕು. ನಮ್ಮ ಬಿದಿರು ಗುಂಪಾಗಿ ಬೆಳೆಯುವ ಜಾತಿ, ಹೊಸ ಕಳಲೆ ಏಳುವುದು ಹೊರ ಅಂಚಿನಲ್ಲೇ. ವರ್ಷ ವರ್ಷ ಮೆಳೆ ಹೊರಕ್ಕೆ ಸರಿಯುತ್ತದೆ. ಹತ್ತಿರ ನೆಟ್ಟದ್ದನ್ನೆಲ್ಲಾ ಅದು ಎತ್ತಿ ಹಾಕುತ್ತದೆ. ಗುಂಡಿ ತೋಡುವುದೂ ಬೇಡ. ತೋಡಿದರೆ ಬಿದಿರಿನ ಬೇರು ಕಡಿಯುತ್ತದೆ, ನಮ್ಮ ಸೊಂಟವೂ ಹೋಗುತ್ತದೆ. ಅದರ ಬದಲು ಮೇ ತಿಂಗಳಲ್ಲಿ ಹಳ್ಳದ ಹೂಳು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಮೆಳೆಯ ಸುತ್ತ ಮುಕ್ಕಾಲು ಅಡಿಯಷ್ಟು ಏರಿಸಿ. ಬಿದಿರಿಗೆ ಮಣ್ಣು ಏರಿಸುವುದು ಹೇಗೂ ಒಳ್ಳೆಯದೇ, ಕಳಲೆ ದಪ್ಪ ಬರುತ್ತದೆ. ಆ ಏರಿನ ಹೊರ ಅಂಚಿನಲ್ಲಿ ಗೆಡ್ಡೆ ಹೂತು ಮೇಲೆ ದರಗು ಎಳೆದುಬಿಡಿ. ಬಿದಿರಿನ ಬೇರು ಆ ಹೊಸ ಮಣ್ಣಿಗೆ ಏರುವ ಹೊತ್ತಿಗೆ ಗೆಡ್ಡೆ ತನ್ನ ಜಾಗ ಹಿಡಿದಿರುತ್ತದೆ. ಸಸಿ ನೆಡುವುದಾದರೆ ದೊಡ್ಡ ಕುಂಡದ ಗಿಡ ತರಬೇಡಿ. ಚಿಕ್ಕದೇ ಬೇಗ ಹೊಂದಿಕೊಳ್ಳುತ್ತದೆ.

ಬೆಳಕಿನ ಲೆಕ್ಕವೂ ನಮ್ಮ ಕೈಯಲ್ಲೇ ಇದೆ. ಹೆಬ್ಬಿದಿರಿನ ಕೆಳಗಿನ ಮುಳ್ಳು ಕೊಂಬೆಗಳನ್ನು ಆಳೆತ್ತರದವರೆಗೆ ಸವರಿಸಿ. ಮಳೆಗಾಲ ಮುಗಿದ ಮೇಲೆ, ಮೂರು ವರ್ಷ ದಾಟಿದ ಗಳಗಳನ್ನು ಮೆಳೆಯ ನಡುವಿನಿಂದ ಆರಿಸಿ ತೆಗೆಯಿರಿ. ಹೊಸ ಗಳ ಮುಟ್ಟಬೇಡಿ. ಇಷ್ಟು ಮಾಡಿದರೆ ಬೆಳಿಗ್ಗೆ, ಸಂಜೆಯ ಓರೆ ಬಿಸಿಲು ಒಳಗೆ ಇಳಿಯುತ್ತದೆ. ಒಮ್ಮೆಯೂ ಗಳ ತೆಗೆಯದ ಮೆಳೆಯ ಕೆಳಗೆ ನಡುಹಗಲಲ್ಲೂ ಕತ್ತಲೆ, ಅಲ್ಲಿ ಏನೂ ಬರುವುದಿಲ್ಲ ಅನ್ನುವವರ ಮಾತು ನಿಜವೇ.

ಮೆಳೆಯ ನೆರಳು ಮುಗಿದು ಬಿಸಿಲು ಶುರುವಾಗುವ ಅಂಚಿನಲ್ಲಿ, ತೇವ ಇದ್ದರೆ, ಒಂದೆಲಗ ತಾನಾಗಿ ಹಬ್ಬುತ್ತದೆ. ತಂಬುಳಿಗೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹಳ್ಳದ ಹತ್ತಿರವಾದರೆ ಹಿಪ್ಪಲಿಯೂ ಆದೀತು. ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ. ಮೆಣಸಿನ ಬಳ್ಳಿಯ ಹತ್ತಿರದ ಸಂಬಂಧಿಯಾದರೂ ಅದರ ಹಾಗೆ ಮರ ಏರುವ ಹಟ ಇಲ್ಲ, ನೆಲದಲ್ಲೇ ಹರಿದುಕೊಂಡು ಹೋಗುತ್ತದೆ. ಆದರೆ ಇದಕ್ಕೆ ಬೇಸಿಗೆಯಲ್ಲೂ ತೇವ ಬೇಕು. ನೀರು ಆರುವ ಕಡೆ ಹಾಕಿ ಪ್ರಯೋಜನ ಇಲ್ಲ. ಜರಿಗಿಡ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ, ಕಿತ್ತು ಹಾಕಬೇಡಿ.

ಈಗ ನನಗೆ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗ ಹೋಂಸ್ಟೇ ನಡೆಸುತ್ತಾನೆ. ಗೇಟಿನಿಂದ ಮನೆಯವರೆಗೆ ಹಳದಿ ಬಿದಿರು ನೆಡಿಸಿದ್ದಾನೆ, ನೋಡಲು ಚೆನ್ನಾಗಿದೆ. ಅದರ ಬುಡ ಬೋಳಾಗಿ ಕಾಣುತ್ತದೆ ಅಂತ ನರ್ಸರಿಯೊಂದರಲ್ಲಿ ಕೇಳಿದ. ಅವರು ವೆಡೇಲಿಯಾ ಕೊಟ್ಟು ಕಳಿಸಿದರು. ದಪ್ಪ ಹಸಿರೆಲೆ, ಸೇವಂತಿಗೆಯ ಹಾಗಿನ ಚಿಕ್ಕ ಹಳದಿ ಹೂ. ಹೆದ್ದಾರಿಯ ನಡುವೆ, ಪಾರ್ಕುಗಳಲ್ಲಿ ನೀವೆಲ್ಲಾ ನೋಡಿರುತ್ತೀರಿ. "ದೊಡ್ಡಮ್ಮಾ, ಇದಕ್ಕೆ ಗೊಬ್ಬರವೂ ಬೇಡ, ಆರೈಕೆಯೂ ಬೇಡವಂತೆ, ಒಂದೇ ಮಳೆಗಾಲಕ್ಕೆ ಮುಚ್ಚಿಬಿಡುತ್ತದಂತೆ" ಅಂತ ಖುಷಿಯಿಂದ ಹೇಳಿದ. ಮುಚ್ಚಿತು. ಬಿದಿರಿನ ಬುಡವನ್ನಷ್ಟೇ ಅಲ್ಲ, ಚರಂಡಿ ಮುಚ್ಚಿತು, ಧರೆ ಮುಚ್ಚಿತು, ಪಕ್ಕದ ಏಲಕ್ಕಿ ಗಿಡಗಳ ಸಾಲನ್ನೂ ಮುಚ್ಚಿತು.

ಅದರ ಒಂದು ಎಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದೊಂದು ಗಿಣ್ಣಿನಲ್ಲೂ ಕೆಳಮುಖವಾಗಿ ಬಿಳಿ ಬೇರು ಹೊರಟಿರುತ್ತದೆ. ಎಳೆದರೆ ಪೂರ್ತಿ ಬರುವುದಿಲ್ಲ, ಗಿಣ್ಣಿನ ಹತ್ತಿರ ಪಟ್ ಅಂತ ತುಂಡಾಗುತ್ತದೆ. ತುಂಡಾದದ್ದೆಲ್ಲಾ ಹೊಸ ಗಿಡ. ಕಳೆ ಕೊಚ್ಚುವ ಯಂತ್ರ ಹೊಡೆಸಿದರೆ ಸಾವಿರ ತುಂಡು ಮಾಡಿ ಬಿತ್ತಿದ ಹಾಗೇ ಆಯಿತು. ಇದು ಅಮೆರಿಕ ಖಂಡದ ಬಿಸಿ ಪ್ರದೇಶದ ಗಿಡ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನವರು ಒಂದು ಪಟ್ಟಿ ಮಾಡಿದ್ದಾರಲ್ಲ, ಅದರಲ್ಲಿ ಇದರ ಹೆಸರಿದೆ. ಲಂಟಾನವೂ ಅದೇ ಪಟ್ಟಿಯಲ್ಲಿದೆ, ನಾವು ಕಮ್ಯುನಿಸ್ಟ್ ಗಿಡ ಅನ್ನುವ ಯುಪಟೋರಿಯಂ ಕೂಡ. ಆ ಎರಡು ನಮ್ಮ ಕಾಡಿಗೆ ಏನು ಮಾಡಿವೆ ಅಂತ ಕಣ್ಣಾರೆ ನೋಡಿದ ಮೇಲೂ ಮೂರನೆಯದನ್ನು ದುಡ್ಡು ಕೊಟ್ಟು ತಂದು ನೆಡುತ್ತೇವೆ ಅಂದರೆ ನನಗೆ ಸಹಿಸಲಾಗುವುದಿಲ್ಲ.

ಇನ್ನೊಂದು ಮಾತು. ಆ ಹೋಂಸ್ಟೇಯ ಚರಂಡಿ ನೀರು ನಮ್ಮ ಹಳ್ಳಕ್ಕೆ ಬರುತ್ತದೆ. ನಮ್ಮ ಹಳ್ಳ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ, ಜಾವಳಿಯ ಹತ್ತಿರ. ಇಲ್ಲಿಂದ ಸಕಲೇಶಪುರ ದಾಟಿ ಗೊರೂರು ಅಣೆಕಟ್ಟೆಗೆ ಹೋಗಿ, ಮುಂದೆ ಕಾವೇರಿ ಸೇರುತ್ತದೆ. ಮೇಲೆ ಇರುವವರು ನೀರಿಗೆ ಬಿಟ್ಟದ್ದು ಕೆಳಗಿನವರ ದಂಡೆಯಲ್ಲಿ ಬೇರು ಬಿಡುತ್ತದೆ. ನಮ್ಮ ಬಿದಿರಿನ ಕೆಳಗೆ ಹಳ್ಳದ ಬಾಗಿನಲ್ಲಿ ಅದೇ ಹಳದಿ ಹೂ ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಈಗ ತಂಗಿಯ ಮಗನೂ ನಾನೂ ಸೇರಿ ಎರಡೂ ಕಡೆ ಕೀಳಿಸುತ್ತಿದ್ದೇವೆ. ಕಿತ್ತದ್ದನ್ನು ಹಳ್ಳಕ್ಕೆ, ಗೊಬ್ಬರದ ಗುಂಡಿಗೆ ಹಾಕುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಬಿಸಿಲಿಗೆ ಹರಡಿ, ಗರಿಗರಿ ಒಣಗಿದ ಮೇಲೆ ಸುಡಿಸುತ್ತೇವೆ. ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ. ಪ್ರತಿ ಮಳೆಯ ನಂತರ ಹೋಗಿ ಉಳಿದ ಮೊಳಕೆ ಕೀಳಬೇಕು.

ಬಿದಿರಿನ ಬುಡಕ್ಕೆ ಇಂಥ ದಟ್ಟ ಹಬ್ಬು ಬೇಡ ಅನ್ನುವುದಕ್ಕೆ ಇನ್ನೂ ಕಾರಣ ಇದೆ. ಕಳಲೆ ಹುಡುಕುವವರ ಕಾಲಿಗೆ ನೆಲ ಕಾಣಬೇಕು. ಮಂಡಲದ ಹಾವು ಇರುವ ಊರು ನಮ್ಮದು. ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ಮಾತು ಹೇಳುವುದೇ ಬೇಡ. ಮೊಣಕಾಲುದ್ದ ಹೆಣೆದುಕೊಂಡ ಹಸಿರಿನೊಳಗೆ ಕೈ ಹಾಕಿ ಕಳಲೆ ಮುರಿಯಿರಿ ಅಂತ ಕೆಲಸದ ಹೆಂಗಸರಿಗೆ ನಾನು ಹೇಗೆ ಹೇಳಲಿ? ಕಳಲೆಯ ಸಿಪ್ಪೆಯ ಮೇಲಿನ ಕಂದು ರೋಮ ಕೈಗೆ ತಾಗಿದರೇ ಸಾಕಷ್ಟು ತುರಿಕೆ, ಅದರ ಮೇಲೆ ಈ ಭಯವೂ ಬೇಕಾ? ಕೂವೆ, ಅರಿಶಿನದ ಸಾಲಿನ ಒಳಗೆ ಮೂರು ಅಡಿ ಖಾಲಿ ಜಾಗ ಇದ್ದರೆ ಬೆತ್ತದ ತುದಿಯಲ್ಲಿ ದರಗು ಸರಿಸಿ ನೋಡಿಕೊಂಡು ಕೆಲಸ ಮಾಡಬಹುದು.

ನರ್ಸರಿಯ ಉಳಿದ ಗಿಡಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮನಿ ಪ್ಲಾಂಟ್, ಸಿಂಗೋನಿಯಂ ಎರಡೂ ಬೇಡ, ಗಳ ಏರುತ್ತವೆ. ತೋಟಕ್ಕೆ ಹಸಿರು ಗೊಬ್ಬರಕ್ಕೆ ಅಂತ ಹಾಕುವ ಮುಕುನಾ, ಪ್ಯುರೇರಿಯಾ ಬಳ್ಳಿಗಳೂ ಇಲ್ಲಿಗೆ ಬೇಡ. ಎಳೆ ಕಳಲೆಗೆ ಸುತ್ತಿ ಬಗ್ಗಿಸುತ್ತವೆ. ಪಿಂಟೋಯ್ ಅನ್ನುವ, ಕಡಲೆಕಾಯಿ ಜಾತಿಯ ಹಳದಿ ಹೂವಿನ ಗಿಡ ಈಗ ಅಡಿಕೆ, ಕಾಫಿ ತೋಟಗಳಲ್ಲಿ ಕಾಣುತ್ತದೆ. ಬಳ್ಳಿ ಏರುವುದಿಲ್ಲ, ಮಣ್ಣಿಗೆ ಸಾರಜನಕವೂ ಸಿಗುತ್ತದೆ. ಮೆಳೆಯಿಂದ ದೂರ, ಅರೆ ಬಿಸಿಲು ಇರುವ ಕಡೆಗೆ ಅದು ಸರಿ. ದಟ್ಟ ನೆರಳಿನಲ್ಲಿ ತೆಳ್ಳಗಾಗಿ ನಿಂತುಬಿಡುತ್ತದೆ. ಮನೆಯ ಮುಂದಿನ ಒಂದೆರಡು ಅಲಂಕಾರದ ಮೆಳೆಗೆ, ಬೇಸಿಗೆಯಲ್ಲೂ ನೀರು ಬಿಡುವವರು, ಮೊಂಡೋ ಹುಲ್ಲು ಅಥವಾ ಸ್ಪೈಡರ್ ಪ್ಲಾಂಟ್ ಹಾಕಿಕೊಳ್ಳಲಿ. ನೆರಳು ತಡೆಯುತ್ತವೆ, ವೆಡೇಲಿಯಾದ ಹಾಗೆ ಓಡುವುದಿಲ್ಲ. ಆದರೆ ಅವು ವರ್ಷವಿಡೀ ಹಸಿರು. ಬೀಳುವ ದರಗನ್ನು ಅವುಗಳ ಮೇಲಿಂದ ಕೈಯಲ್ಲೇ ಆರಿಸಬೇಕು.

ದರಗಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಬಿದಿರಿನ ಬುಡ ಗುಡಿಸಿ ಚೊಕ್ಕ ಮಾಡುವ ಅಭ್ಯಾಸ ಹೆಚ್ಚಾಗಿದೆ. ಗುಡಿಸಿ ಒಟ್ಟಿ ಬೆಂಕಿ ಹಾಕುತ್ತಾರೆ. ದಯವಿಟ್ಟು ಬೇಡ. ಹಳೆಯ ಮೆಳೆಯ ಕೆಳಗೆ ದರಗನ್ನು ಪದರ ಪದರವಾಗಿ ಎತ್ತಿ ನೋಡಿ. ಮೇಲಿನದು ಕಾಗದದ ಬಣ್ಣ, ಸದ್ದು ಮಾಡುತ್ತದೆ. ಅದರ ಕೆಳಗಿನದು ಬೂದು, ಮೆತ್ತಗೆ, ಒಂದಕ್ಕೊಂದು ಅಂಟಿರುತ್ತದೆ, ನಡುವೆ ಬಿಳಿ ಬೂಷ್ಟಿನ ಎಳೆ. ಇನ್ನೂ ಕೆಳಗೆ ಕಪ್ಪು ಮಣ್ಣು, ಎರೆಹುಳದ ಹಿಕ್ಕೆ, ಬಿದಿರಿನ ಕೂದಲು ಬೇರು. ಮಾರ್ಚ್ ತಿಂಗಳಲ್ಲೂ ಅಲ್ಲಿ ಬೆರಳಿಗೆ ತಂಪು ಹತ್ತುತ್ತದೆ. ನೆಲ ಮುಚ್ಚುವ ಗಿಡ ಏನು ಕೆಲಸ ಮಾಡಬೇಕೋ ಅದರ ಅರ್ಧ ಕೆಲಸವನ್ನು ದರಗೇ ಮಾಡುತ್ತಿದೆ. ಬೆಂಕಿಯ ಭಯ ಇರುವುದು ನಿಜ, ಒಣಗಿದ ಬಿದಿರೆಲೆ ಒಂದು ಬೀಡಿ ತುಂಡಿಗೆ ಹತ್ತಿಕೊಳ್ಳುತ್ತದೆ. ರಸ್ತೆ ಬದಿಗೆ, ಮನೆ ಬದಿಗೆ ಆರೆಂಟು ಅಡಿ ಅಗಲ ದರಗು ತೆಗೆದು ಬೆಂಕಿ ದಾರಿ ಮಾಡಿ. ತೆಗೆದದ್ದನ್ನು ಸುಡಬೇಡಿ, ಒಳಗಿನ ಮೆಳೆಗೆ ಒಟ್ಟಿ, ಮೇಲೆ ಸೆಗಣಿ ಬಗ್ಗಡ ಚೆಲ್ಲಿ. ಬೇಗ ಕರಗುತ್ತದೆ.

ಕಳೆನಾಶಕ ಹೊಡೆಯುವವರಿಗೂ ಒಂದು ಮಾತು. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಬೇರೆ ಗಿಡಗಳ ಜತೆ ಹುಲ್ಲನ್ನೂ ಸಾಯಿಸುವ ಔಷಧಿ. ಬಿದಿರೂ ಹುಲ್ಲೇ. ಎಳೆ ಕಳಲೆಗೆ ಸಿಡಿದರೆ ಅದು ಉಳಿಯುವುದಿಲ್ಲ. ಅದೇ ಕಳಲೆಯನ್ನು ಹೆಚ್ಚಿ, ಮೂರು ದಿನ ನೀರು ಬದಲಿಸಿ ನೆನೆಸಿ, ಪಲ್ಯ ಮಾಡಿ ಕಡುಬಿನ ಜತೆ ಮಕ್ಕಳಿಗೆ ಬಡಿಸುತ್ತೇವೆ ಅನ್ನುವುದನ್ನೂ ನೆನಪಿಡಿ.

ನಾನು ಹೇಳಿದ್ದು ಮಲೆನಾಡಿನ ಲೆಕ್ಕ. ಅರಸೀಕೆರೆ, ಕಡೂರು ಕಡೆಗೆ ಮಳೆ ಕಡಿಮೆ. ಅಲ್ಲಿ ಕಿರುಬಿದಿರು ನೆಡುವವರೇ ಹೆಚ್ಚು, ಬೇಸಿಗೆಯಲ್ಲಿ ಅದು ಎಲೆಯನ್ನೆಲ್ಲಾ ಉದುರಿಸಿ ನಿಲ್ಲುತ್ತದೆ. ಮೊದಲ ಎರಡು ಮೂರು ವರ್ಷ ಸಸಿ ಚಿಕ್ಕದಿರುವಾಗ ಸಾಲಿನ ನಡುವೆ ಹುರುಳಿ, ಬಳ್ಳಿಯಾಗಿ ಹರಡದ ಅಲಸಂದೆ ಬಿತ್ತಿದರೆ ನೆಲವೂ ಮುಚ್ಚುತ್ತದೆ, ಮನೆಗೂ ಕಾಳು ಸಿಗುತ್ತದೆ. ಆಮೇಲೆ ಅಲ್ಲಿ ದರಗನ್ನೇ ನಂಬುವುದು ಒಳ್ಳೆಯದು. ಸಕಲೇಶಪುರ, ಆಲೂರಿನ ಆನೆ ಓಡಾಡುವ ಊರಿನವರು ಮನೆಗೆ ಹತ್ತಿರ ಬಿದಿರನ್ನೇ ನೆಡದಿದ್ದರೆ ವಾಸಿ. ಬಿದಿರು ಆನೆಗೆ ಇಷ್ಟದ ಮೇವು.

ಇನ್ನೊಂದು ವಿಷಯ ಹಿರಿಯರಿಗೆ ಗೊತ್ತು, ಹೊಸಬರು ಯೋಚಿಸುವುದಿಲ್ಲ. ಹೆಬ್ಬಿದಿರು ನಲವತ್ತು ವರ್ಷದ ಆಸುಪಾಸಿನಲ್ಲಿ ಒಮ್ಮೆ ಹೂ ಬಿಡುತ್ತದೆ. ಬಿದಿರಕ್ಕಿ, ಅಂದರೆ ಬಿದಿರಿನ ಬೀಜ, ಉದುರಿಸಿ ಇಡೀ ಮೆಳೆ ಒಣಗುತ್ತದೆ. ಆ ವರ್ಷ ನೆರಳು ಹೋಗಿ ನೆಲಕ್ಕೆ ಏಕಾಏಕಿ ಬಿಸಿಲು ಬೀಳುತ್ತದೆ. ಬೋಳು ನೆಲವಾದರೆ ಮೊದಲು ಬಂದು ಕೂರುವುದು ಲಂಟಾನ, ಯುಪಟೋರಿಯಂ, ಮೈಕೇನಿಯಾದಂಥ ಕಳೆಗಳು. ಅರಿಶಿನ, ಕೂವೆ ಮೊದಲೇ ಜಾಗ ಹಿಡಿದಿದ್ದರೆ ಬಿಸಿಲಿಗೂ ಬದುಕಿಕೊಳ್ಳುತ್ತವೆ, ಉದುರಿದ ಬಿದಿರಕ್ಕಿ ಅವುಗಳ ಸಂದಿಯಲ್ಲಿ ಮೊಳೆಯುತ್ತದೆ.

ಸಂಬಂಧಪಟ್ಟ ಇಲಾಖೆಗಳಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಬೇಡಿಕೆ ಎರಡು. ಬಿದಿರು ಸಸಿ ವಿತರಿಸುವಾಗ ಜತೆಗೆ ಒಂದಿಷ್ಟು ಕೂವೆ, ಅರಿಶಿನದ ಬಿತ್ತನೆ ಗೆಡ್ಡೆಯನ್ನೂ ಕೊಡಿ. ಗೆಡ್ಡೆಗೆ ದೊಡ್ಡ ಖರ್ಚಿಲ್ಲ, ಸ್ತ್ರೀಶಕ್ತಿ ಸಂಘದವರಿಗೆ ಹೇಳಿದರೆ ಊರಲ್ಲೇ ಬೆಳೆಸಿ ಕೊಡುತ್ತಾರೆ. ಎರಡನೆಯದು, ಹಳ್ಳ, ಕೆರೆ, ನದಿಯ ದಂಡೆಗಳಲ್ಲಿ ವೆಡೇಲಿಯಾ ನೆಡುವುದನ್ನು ನಿಲ್ಲಿಸಿ. ಸರ್ಕಾರಿ ಕಾಮಗಾರಿಯಲ್ಲಾದರೂ ಅದನ್ನು ಬಳಸದ ಹಾಗೆ ಆದೇಶ ಮಾಡಿ. ನರ್ಸರಿ ನಡೆಸುವವರೂ ನಮ್ಮವರೇ. ಈ ಗಿಡ ನೀರಿಗೆ ಬಿದ್ದರೆ ಏನಾಗುತ್ತದೆ ಅಂತ ಗಿರಾಕಿಗೆ ಒಂದು ಮಾತು ಹೇಳಿ ಮಾರಲಿ, ಅಷ್ಟನ್ನಾದರೂ ಕೇಳಬಹುದಲ್ವಾ?

ಸಂಪಾದಕರೇ, ಕೃಷಿ ಪುಟದಲ್ಲಿ ಒಂದು ವಾರ ಇದಕ್ಕೇ ಜಾಗ ಕೊಡಿ. ತಮ್ಮ ಬಿದಿರಿನ ಬುಡದಲ್ಲಿ ಏನು ಬಂದಿದೆ, ಏನು ಸತ್ತಿದೆ ಅಂತ ಶೃಂಗೇರಿ, ಕೊಪ್ಪ, ಕಳಸದವರೂ, ಚನ್ನರಾಯಪಟ್ಟಣ, ಅರಸೀಕೆರೆಯವರೂ ಬರೆಯಲಿ. ಬಯಲುಸೀಮೆಯ ಅನುಭವ ಓದಲು ನನಗೆ ವಿಶೇಷ ಆಸೆ. ಏಪ್ರಿಲ್ ಕೊನೆಯ ಒಳಗೆ ಅಚ್ಚಾದರೆ ಒಳ್ಳೆಯದು, ಗೆಡ್ಡೆ ಹೂಳುವವರಿಗೆ ಮೇ ತಿಂಗಳು ಪೂರ್ತಿ ಸಿಗುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಕಾಫಿ ಬೆಳೆಗಾರ್ತಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ